ಸೆಲೆನಿಯಂ ಏರುವ ಬಗೆ: ಎರೆಮಣ್ಣು, ಕೆಮ್ಮಣ್ಣು, ನೀರು ನಿಂತ ಗದ್ದೆ

ಸೆಲೆನಿಯಂ ಜನಕ್ಕೂ ದನಕ್ಕೂ ಅತಿ ಅಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶ. ಅದರ ಎರಡು ಲವಣಗಳಾದ ಸೆಲೆನೇಟ್, ಸೆಲೆನೈಟ್ ಯಾವ ಮಣ್ಣಿನಲ್ಲಿ ಗಿಡಕ್ಕೆ ಎಷ್ಟು ಏರುತ್ತವೆ ಎಂದು ಹೋಲಿಸುವ ಕುಂಡದ ಪ್ರಯೋಗ ಇದು. ನಂಜನಗೂಡು ಕಡೆಯ ಎರೆಮಣ್ಣು, ನಾಗಮಂಗಲದ ಕೆಮ್ಮಣ್ಣು ಎರಡರಲ್ಲೂ ರಾಗಿ. ಮಂಡ್ಯದ ನಾಲೆ ಬಯಲಿನ ಮಣ್ಣಿನಲ್ಲಿ ನೀರು ನಿಲ್ಲಿಸಿ ಭತ್ತ. ಕುಂಡಕ್ಕೆ 5 ಕಿಲೋ ಒಣಮಣ್ಣು, ಕಿಲೋಗೆ 0.5 ಮಿ.ಗ್ರಾಂ ಸೆಲೆನಿಯಂ. ಒಂದು ಲೀಟರ್ ನೀರಿಗೆ 0.6 ಗ್ರಾಂ ಸೋಡಿಯಂ ಸೆಲೆನೇಟ್ ಕರಗಿಸಿ ಕುಂಡಕ್ಕೆ 10 ಮಿ.ಲೀ. ಹಾಕಿದರೆ ಲೆಕ್ಕ ಸರಿ. ಸೆಲೆನೈಟ್ ಆದರೆ 0.55 ಗ್ರಾಂ ಸಾಕು. ಹರಳಿನಲ್ಲಿ ನೀರಿರುವ ಸೆಲೆನೇಟ್ ಸಿಕ್ಕರೆ ತೂಕ ಹೆಚ್ಚುಕಡಿಮೆ ಇಮ್ಮಡಿ. ಎರಡೂ ವಿಷ, ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು. ಕುಂಡಕ್ಕೆ ಹಾಕುವ ಈ ಅಳತೆ ಹೊಲದ ಪ್ರಮಾಣದ ಸುಮಾರು ನೂರು ಪಟ್ಟು, ವ್ಯತ್ಯಾಸ ಎದ್ದು ಕಾಣಲೆಂದು ಮಾತ್ರ. ಆ ಕಾಳನ್ನು ಜನಕ್ಕೂ ಹುಲ್ಲನ್ನು ದನಕ್ಕೂ ಕೊಡಕೂಡದು.

ಎರೆಮಣ್ಣಿಗೆ ಹಾಕಿದ ಸೆಲೆನೇಟ್‌ನಷ್ಟು ಸಲೀಸಾಗಿ ಇನ್ಯಾವುದೂ ಎಲೆಗೆ ಏರಲಿಲ್ಲ. ಕ್ಷಾರದ, ಗಾಳಿಯಾಡುವ ಮಣ್ಣಿನಲ್ಲಿ ಅದು ಕಣಗಳಿಗೆ ಅಂಟದೆ ನೀರಿನ ಜೊತೆ ಓಡಾಡುತ್ತದೆ. ಬೇರು ಅದನ್ನು ಗಂಧಕ ಹೋಗುವ ದಾರಿಯಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ. ಅಷ್ಟೇ ಸುಲಭವಾಗಿ ಮಳೆಗೆ ಬಸಿದೂ ಹೋಗುತ್ತದೆ. ಹಾಗಾಗಿ ಕುಂಡದಡಿಯ ತಟ್ಟೆಯ ನೀರನ್ನು ಮತ್ತೆ ಕುಂಡಕ್ಕೇ ಸುರಿಯಬೇಕು. ಕೆಮ್ಮಣ್ಣಿನಲ್ಲಿ ಸೆಲೆನೈಟ್ ಕಬ್ಬಿಣದ ಆಕ್ಸೈಡಿಗೆ ಕಚ್ಚಿಕೊಳ್ಳುತ್ತದೆ. ಗಿಡಕ್ಕೆ ಸೇರಿದ ಅಲ್ಪಸ್ವಲ್ಪವೂ ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತದೆ. ಕೆಮ್ಮಣ್ಣಿಗೆ ಸೆಲೆನೈಟ್ ಸುರಿಯುವುದು ದಂಡ.

ಗದ್ದೆಯಲ್ಲಿ ಎರಡೂ ಸೋಲುತ್ತವೆ. ಗಾಳಿಯಿಲ್ಲದ ಕೆಸರಿನಲ್ಲಿ ಸೆಲೆನೇಟ್ ಮೊದಲು ಸೆಲೆನೈಟ್ ಆಗಿ, ಆಮೇಲೆ ನೀರಿನಲ್ಲಿ ಕರಗದ ಸೆಲೆನಿಯಂ ಆಗಿ ಕೂತುಬಿಡುತ್ತದೆ. ಭತ್ತಕ್ಕೆ ಎಲೆಯ ಮೇಲೆ ಸಿಂಪಡಿಸುವುದೇ ಸರಿ: ಹೊಡೆ ಕಟ್ಟಿದಾಗಿನಿಂದ ಕಾಳು ಹಾಲು ತುಂಬುವವರೆಗಿನ ಅವಧಿಯಲ್ಲಿ, ಸಂಜೆ ಹೊತ್ತು, ಎಕರೆಗೆ 4 ಗ್ರಾಂ ಸೆಲೆನಿಯಂ. ಅಂದರೆ 9.6 ಗ್ರಾಂ ಸೋಡಿಯಂ ಸೆಲೆನೇಟ್, 200 ಲೀಟರ್ ನೀರಿಗೆ. ಫಿನ್ಲೆಂಡ್ 1980ರ ದಶಕದಿಂದ ರಸಗೊಬ್ಬರದಲ್ಲೇ ಸೆಲೆನೇಟ್ ಬೆರೆಸುತ್ತಿದೆ, ಆದರೆ ಅಲ್ಲಿನ ಪೈರು ಒಣ ಹೊಲದ್ದು. ಆ ಲೆಕ್ಕವನ್ನು ನಮ್ಮ ಗದ್ದೆಗೆ ತರಲಾಗದು.

ಹೋಲಿಕೆ ಕೆಡುವುದು ಹೆಚ್ಚಾಗಿ ಜಿಪ್ಸಂನಿಂದ. ಚೌಳು ತಿದ್ದಲು ಎರೆಮಣ್ಣಿಗೆ ಜಿಪ್ಸಂ ಹಾಕಿ ಕೆಮ್ಮಣ್ಣಿಗೆ ಹಾಕದಿದ್ದರೆ, ಜಿಪ್ಸಂನಲ್ಲಿರುವ ಸಲ್ಫೇಟ್ (ಗಂಧಕದ ರೂಪ) ಬೇರಿನ ಬಾಗಿಲಲ್ಲಿ ಸೆಲೆನೇಟನ್ನು ಹೊರಗೆ ತಳ್ಳಿಬಿಡುತ್ತದೆ. ನೋಡುವವರು ಮಣ್ಣನ್ನು ದೂರುತ್ತಾರೆ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲೂ ಸುಮಾರು 11% ಗಂಧಕವಿದೆ. ಎಲ್ಲ ಕುಂಡಕ್ಕೂ ಗಂಧಕ ಒಂದೇ ಅಳತೆಯಲ್ಲಿರಲಿ, ಸೆಲೆನಿಯಂ ಹಾಕದ ಕುಂಡವೂ ಪ್ರತಿ ಮಣ್ಣಿಗೊಂದು ಇರಲಿ. ಎಲೆಗೆ ಸಿಡಿದ ಮಣ್ಣನ್ನು ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಎಲೆಯನ್ನು 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ ಲ್ಯಾಬಿಗೆ ಕಳಿಸಿ. ಸುಟ್ಟು ಬೂದಿ ಮಾಡಿದರೆ ಸೆಲೆನಿಯಂ ಆವಿಯಾಗಿ ಹೋಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿಯೇ ಅಳೆಯಲು ಹೇಳಬೇಕು.