ಕಾರ್ಮಿಕ ಕಾನೂನಿನ ಆನ್‌ಲೈನ್ ಪ್ರಾಕ್ಟೀಸ್ ಕೋರ್ಸ್: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯಂಥ ಊರಲ್ಲಿ ಕೆಲಸಗಾರರ ಕೇಸು ನಡೆಸಬೇಕು ಅಂದುಕೊಂಡ ಜೂನಿಯರ್ ವಕೀಲರಿಗೆ ಈ ಕೋರ್ಸಿನಿಂದ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದರ ಒಂದು ದೊಡ್ಡ ಭಾಗ ನಮ್ಮ ಕಡೆಯ ಕೆಲಸಕ್ಕೆ ಹೊಂದುವುದಿಲ್ಲ. ಯಾವುದನ್ನು ಕೋರ್ಸಿನಿಂದ ಕಲಿಯಬೇಕು, ಯಾವುದಕ್ಕೆ ಸೀನಿಯರ್ ಆಫೀಸೇ ಗತಿ ಅನ್ನುವುದು ಬಳಸುತ್ತಾ ಬಳಸುತ್ತಾ ಗೊತ್ತಾಯಿತು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ನಾನು ಸೇರುವ ಮೊದಲು ವಿಚಾರಿಸಿದ ಬೇರೆ ಕೋರ್ಸುಗಳೂ ಇದೇ ಅಚ್ಚಿನವು, ಹಾಗಾಗಿ ಇಲ್ಲಿ ಹೇಳಿದ್ದು ಅವಕ್ಕೂ ಉಪಯೋಗಕ್ಕೆ ಬರಬಹುದು.

ಫೋನಿನಲ್ಲೇ ನೋಡುವ ವಿಡಿಯೋ ಪಾಠ, ವಾರಕ್ಕೊಂದು ಡ್ರಾಫ್ಟಿಂಗ್, ಭಾನುವಾರ ಸಂಜೆ ಲೈವ್ ಕ್ಲಾಸ್. ನಾವು ಬರೆದ ಅರ್ಜಿಯನ್ನು ಅವರ ಕಡೆಯ ವಕೀಲರೊಬ್ಬರು ತಿದ್ದಿ ಕಳಿಸುತ್ತಾರೆ. ಶುಲ್ಕ ಕಂತಿನಲ್ಲಿ ಕಟ್ಟಬಹುದು. ಲಾ ಕಾಲೇಜಿನಲ್ಲಿ ಕೈಗಾರಿಕಾ ವಿವಾದ ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿದ್ದೆವು. ಕೆಲಸ ಕಳೆದುಕೊಂಡವರು ಎದುರಿಗೆ ಬಂದು ಕೂತಾಗ ಮೊದಲು ಏನು ಕೇಳಬೇಕು, ಯಾವ ಕಾಗದ ತರಿಸಬೇಕು ಅನ್ನುವುದು ಆ ಪರೀಕ್ಷೆಗಳಲ್ಲಿ ಬರುವ ವಿಷಯವೇ ಆಗಿರಲಿಲ್ಲ.

ಒಂದು ಕಾಲಕ್ಕೆ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಹತ್ತಿ ಮಿಲ್ಲುಗಳಿದ್ದವು, ಯೂನಿಯನ್ನುಗಳಿದ್ದವು. ಮಿಲ್ಲುಗಳು ಮುಚ್ಚಿದವು. ಪಕ್ಕದ ಹರಿಹರದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಈಗ ನಮ್ಮ ಆಫೀಸಿಗೆ ಬರುವವರು ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು, ಬಟ್ಟೆ ಅಂಗಡಿಯ ಹುಡುಗಿಯರು, ನರ್ಸಿಂಗ್ ಹೋಮಿನ ಆಯಾಗಳು, ಸ್ಕೂಲ್ ಬಸ್ ಡ್ರೈವರುಗಳು. ಎಷ್ಟೋ ಜನರಿಗೆ ನೇಮಕಾತಿ ಪತ್ರವೇ ಇರುವುದಿಲ್ಲ. ‘ಸಂಬಳ ಕೈಯಾಗೇ ಕೊಡ್ತಿದ್ರು ಮೇಡಂ, ಚೀಟಿ ಗೀಟಿ ಏನೂ ಇಲ್ಲ’ ಅನ್ನುತ್ತಾರೆ.

ಕೋರ್ಸಿನ ಸಾಕ್ಷ್ಯದ ಪಾಠಗಳು ಕೈಹಿಡಿದದ್ದು ಇಲ್ಲೇ. ನೋಟಿಸ್ ಇಲ್ಲದೆ, ಪರಿಹಾರ ಕೊಡದೆ ಕೆಲಸದಿಂದ ತೆಗೆದರು ಅನ್ನಬೇಕಾದರೆ ತೆಗೆದ ದಿನದಿಂದ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದದ್ದನ್ನು ತೋರಿಸಬೇಕು. ಅದನ್ನು ತೋರಿಸುವ ಹೊಣೆ ಕೆಲಸಗಾರನದೇ, ಅವನ ಅಫಿಡವಿಟ್ ಒಂದೇ ಸಾಲದು ಅಂತ 2002ರ ಹಾದಿಮನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾಲೀಕರ ಪರ ವಕೀಲರು ಮೊದಲು ಹಿಡಿದುಕೊಳ್ಳುವುದು ಇದನ್ನೇ. ಇದಕ್ಕೆ ಉತ್ತರ 2005ರ ಯಲ್ಲಟ್ಟಿ ತೀರ್ಪಿನಲ್ಲಿದೆ. ಕೆಲಸಗಾರ ಸಾಕ್ಷಿ ಕಟ್ಟೆ ಹತ್ತಿ ಹೇಳಬೇಕು, ಮಾಲೀಕರ ಹತ್ತಿರ ಇರುವ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ತರಿಸಿ ಅಂತ ಅರ್ಜಿ ಹಾಕಬೇಕು. ದಾಖಲೆ ಬಚ್ಚಿಟ್ಟಿದ್ದಾರೆ ಅನ್ನುವ ಮಾತು ನಮ್ಮ ಕ್ಲೇಮಿನಲ್ಲೇ ಇರಬೇಕು. ಆ ಮಾತಿಲ್ಲದಿದ್ದರೆ, ಅವರು ಪುಸ್ತಕ ತರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೋರ್ಟು ನಮ್ಮ ಪರ ತಿರುಗುವುದಿಲ್ಲ. ಎರಡೂ ನಮ್ಮ ರಾಜ್ಯದಿಂದಲೇ ಹೋದ ಕೇಸುಗಳು. ಕೋರ್ಸಿನವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಆ ಒಂದು ಸಾಲು ಅರ್ಜಿಯಲ್ಲಿ ಎಲ್ಲಿ ಬರಬೇಕು ಅಂತ ತೋರಿಸಿದರು. ನನಗೆ ಇಡೀ ಶುಲ್ಕ ಸಾರ್ಥಕ ಅನ್ನಿಸಿದ್ದು ಆ ಪಾಠದಲ್ಲಿ.

ಇನ್ನೊಂದು ಅಭ್ಯಾಸವೂ ಅಲ್ಲಿಂದಲೇ ಬಂತು. ‘ದಾಖಲೆ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಬಿಡಿಬಿಡಿಯಾಗಿ ಕೇಳಬೇಕು. ಪಿಎಫ್ ಕಟ್ಟಿದ್ದಾರಾ? ಇಎಸ್‌ಐ ಕಾರ್ಡ್ ಇದೆಯಾ? ಒಂದು ತಿಂಗಳಾದರೂ ಸಂಬಳ ಬ್ಯಾಂಕಿಗೆ ಬಂದಿತ್ತಾ? ಡ್ಯೂಟಿ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರಾ? ಗಿರಣಿಯಲ್ಲಿ ಲೋಡಿಂಗ್ ಚೀಟಿಗೆ ಸಹಿ ಹಾಕಿಸುತ್ತಿದ್ದರಾ? ಹೀಗೆ ಕೇಳುತ್ತಾ ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಫೋನಿನಲ್ಲಿರುವ ಮೆಸೇಜನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಹೇಗೆ ಬರೆಯಬೇಕು ಅನ್ನುವುದನ್ನೂ ಹೇಳಿಕೊಟ್ಟಿದ್ದಾರೆ. ಹಾಗೆಯೇ 240 ದಿನ ಎಣಿಸುವಾಗ ಸಂಬಳ ಸಹಿತ ರಜೆಗಳನ್ನೂ ಭಾನುವಾರಗಳನ್ನೂ ಸೇರಿಸಬೇಕು. 1985ರಲ್ಲೇ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ. ಆದರೂ ಮಾಲೀಕರು ಕೊಡುವ ಲೆಕ್ಕದಲ್ಲಿ ಭಾನುವಾರಗಳು ಬಿಟ್ಟುಹೋಗಿರುವುದನ್ನು ಈಗಲೂ ನೋಡುತ್ತೇನೆ.

ಲೆಕ್ಕದ ಪಾಠಗಳೂ ಚೆನ್ನಾಗಿವೆ. ಗ್ರಾಚ್ಯುಟಿಯನ್ನೇ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣವನ್ನೇ ತೆಗೆದುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಕೊನೆಯ ಸಂಬಳ 13,000 ರೂಪಾಯಿ, ಸೇವೆ 12 ವರ್ಷ. ತಿಂಗಳಿಗೆ 26 ಕೆಲಸದ ದಿನ ಅಂತ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳ ಅಂತ 15ರಿಂದ ಗುಣಿಸಿ, ವರ್ಷದಿಂದ ಗುಣಿಸಿದರೆ 90,000 ರೂಪಾಯಿ. 26ರ ಬದಲು 30ರಿಂದ ಭಾಗಿಸಿದರೆ 78,000 ಆಗುತ್ತದೆ. ಸುಮ್ನೆ ಒಂದು ಅಂಕಿ ಬದಲಾದದ್ದಕ್ಕೆ ಒಂದು ಬಡ ಮನೆಗೆ 12,000 ನಷ್ಟ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು. ಇವನ್ನೆಲ್ಲ ಅವರು ಪದೇ ಪದೇ ಮಾಡಿಸುತ್ತಾರೆ. ಬೇಜಾರಾದರೂ ಬಿಡಬೇಡಿ.

ಪಾಟೀಸವಾಲಿನ ಪಾಠ ಸಾಧಾರಣ. ನಟರನ್ನು ಕೂರಿಸಿ ಮಾಡಿದ ವಿಡಿಯೋ ನೋಡಿದರೆ ಅದು ಬರುವುದಿಲ್ಲ. ಕೋರ್ಟ್ ಹಾಲಿನಲ್ಲಿ ಹಿಂದೆ ಕೂತು ಸೀನಿಯರುಗಳನ್ನು ನೋಡುವುದೇ ಮೇಲು.

ಇನ್ನು ಕೊರತೆಗಳು. ಪಾಠ, ಮಾದರಿ ಎಲ್ಲವೂ ಇಂಗ್ಲಿಷಿನಲ್ಲಿವೆ. ನಮ್ಮ ಕೆಲಸಗಾರರು ಸಹಿ ಹಾಕುವ ಅರ್ಜಿ ಅವರಿಗೆ ಓದಲು ಬರುವ ಕನ್ನಡದಲ್ಲಿರಬೇಕು, ಅಲ್ವಾ? ಏನು ಬರೆದಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಿದವರು ಪಾಟೀಸವಾಲಿನಲ್ಲಿ ತಡವರಿಸುತ್ತಾರೆ. ಕನ್ನಡ ಮಾದರಿಗಳನ್ನು ನಮ್ಮ ಸೀನಿಯರ್ ಅವರ ಹಳೆಯ ಫೈಲುಗಳಿಂದ ನಾನೇ ಸೇರಿಸಿಕೊಂಡೆ.

ಇದಕ್ಕಿಂತ ದೊಡ್ಡ ಕೊರತೆ ರಾಜಿ ಸಂಧಾನದ್ದು. ಕಾರ್ಮಿಕ ಅಧಿಕಾರಿಯ ಮುಂದೆ ನಡೆಯುವ ಸಂಧಾನದಲ್ಲಿ ವಕೀಲರು ಯಾರ ಪರವೂ ನಿಲ್ಲುವಂತಿಲ್ಲ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಮಿನಲ್ಲೂ ಹಾಗೇ ಇತ್ತು, ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಅಂದರೆ ಯೂನಿಯನ್ನಿನವರು ಯಾರೂ ಜೊತೆಗೆ ಬರದಿದ್ದರೆ ಆ ಮೇಜಿನ ಮುಂದೆ ಅಕ್ಕಿ ಗಿರಣಿಯ ಹಮಾಲಿ ಅಣ್ಣನೋ ಆಸ್ಪತ್ರೆಯ ಆಯಾ ಅಕ್ಕನೋ ಒಬ್ಬರೇ ಮಾಲೀಕರ ಎದುರು ಕೂತು ಮಾತಾಡಬೇಕು. ಎಷ್ಟಕ್ಕೆ ಒಪ್ಪಬಹುದು, ಯಾವ ಕಾಗದಕ್ಕೆ ಸಹಿ ಹಾಕಬಾರದು, ‘ಎಲ್ಲ ಬಾಕಿ ಚುಕ್ತಾ’ ಅಂತ ಬರೆದಿದ್ದರೆ ಏನು ಮಾಡಬೇಕು ಅಂತ ಹಿಂದಿನ ದಿನವೇ ಹೇಳಿ ಕಳಿಸುವುದು ನಮ್ಮ ಕೆಲಸ. ಅಲ್ಲಿ ದಡಬಡಿಸಿ ಸಹಿ ಹಾಕಿ ಬಂದರೆ ಆಮೇಲೆ ಎಷ್ಟು ಒಳ್ಳೆ ಡ್ರಾಫ್ಟಿಂಗ್ ಮಾಡಿದರೂ ಕಷ್ಟ. ಇಷ್ಟು ಮುಖ್ಯವಾದ ಹಂತದ ಬಗ್ಗೆ ಇರುವುದು ಒಂದು ಚಿಕ್ಕ ವಿಡಿಯೋ, ಅದರಲ್ಲಿ ಅರ್ಜಿಯ ನಮೂನೆ ಬಿಟ್ಟರೆ ಏನೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿದೆ. ಸಂಸ್ಥೆಗೆ ಬರೆದಿದ್ದೇನೆ. ನೋಡುತ್ತೇವೆ ಅಂದಿದ್ದಾರೆ.

ಕೋರ್ಸಿನಲ್ಲಿ ನಮ್ಮ ರಾಜ್ಯದ ಕಾನೂನೂ ಇಲ್ಲ. ದಾವಣಗೆರೆ ತುಂಬ ಖಾಸಗಿ ಶಾಲೆ ಕಾಲೇಜುಗಳು. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ‘ಕಾರ್ಮಿಕ’ರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಅವರಿಗೆ ಗ್ರಾಚ್ಯುಟಿ ಹಕ್ಕಿದೆ. ವಜಾ ಮಾಡಿದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಶೈಕ್ಷಣಿಕ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬೇಕು. ಕೋರ್ಸನ್ನಷ್ಟೇ ನಂಬಿದರೆ ಈ ಗಡುವು ತಪ್ಪಿಹೋಗುತ್ತದೆ.

ತಿದ್ದಿ ಕಳಿಸುವ ಸೇವೆ ಮೊದಲ ವರ್ಷ ಚುರುಕಾಗಿತ್ತು. ಈಗ ತಡವಾಗುತ್ತಿದೆ, ಆದರೆ ತಿದ್ದುವವರು ಮನಸ್ಸಿಟ್ಟು ತಿದ್ದುತ್ತಾರೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಪಾಠಗಳನ್ನು ಹೊಸದಾಗಿ ಮಾಡುತ್ತಿದ್ದಾರೆ. ವಜಾ ಆದವರು ತಗಾದೆ ಎತ್ತಲು ಇದ್ದ 3 ವರ್ಷ ಈಗ 2 ವರ್ಷಕ್ಕೆ ಇಳಿದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಆ ಜಾಸ್ತಿ ಭಾಗ ವೇತನಕ್ಕೇ ಸೇರುತ್ತದೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಈ ವಿಡಿಯೋಗಳು ಬಂದಿವೆ, ಆದರೆ ಹಳೆಯವನ್ನು ಇನ್ನೂ ತೆಗೆದಿಲ್ಲ. ಹೊಸಬರಿಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಸೇರುವ ಮುಂಚೆ ಯಾವ ಪಾಠ ಯಾವ ತಿಂಗಳಲ್ಲಿ ಮಾಡಿದ್ದು ಅಂತ ಪಟ್ಟಿ ಕೇಳಿ. ಮುಂದಿನ ತಿದ್ದುಪಡಿಗಳಿಗೆ ಮತ್ತೆ ದುಡ್ಡು ಕಟ್ಟಬೇಕಾ ಅನ್ನುವುದನ್ನು ಬರಹದಲ್ಲಿ ಪಡೆದುಕೊಂಡ ಮೇಲೇ ಮೊದಲ ಕಂತು ಕಟ್ಟಿ.