ಪ್ಯಾನೊ ಹೆಡ್ ಕೊಂಡಿದ್ದೀರಾ? ದೂರದ ಗುಡ್ಡ ತೆಗೆದು ಪರೀಕ್ಷೆ ಮಾಡಬೇಡಿ

ತೀರ್ಥಹಳ್ಳಿ ಕಡೆ ಇದ್ದ ನಮ್ಮಜ್ಜಿಯ ಚೌಕಿ ಮನೆ ಈಗ ಇಲ್ಲ. ಕೆಡವುವ ನಾಲ್ಕು ದಿನ ಮೊದಲು ಹೋಗಿ, ಪ್ಯಾನೊ ಹೆಡ್ (ಟ್ರೈಪಾಡ್ ಮೇಲೆ ಕೂತು ಕ್ಯಾಮೆರಾವನ್ನು ಸುತ್ತ ತಿರುಗಿಸುವ ಸಾಧನ) ಹಾಕಿ ಒಳಗೆಲ್ಲ 360 ಡಿಗ್ರಿ ಫೋಟೊ ತೆಗೆದಿದ್ದೆ. ಅಂಗಳದ ಸುತ್ತಲಿನ ಹಲಸಿನ ಕಂಬಗಳಲ್ಲಿ ಒಂದೂ ಆ ಫೋಟೊದಲ್ಲಿ ಸರಿಯಾಗಿಲ್ಲ. ಒಂದು ಕಂಬ ಎರಡಾಗಿದೆ, ಇನ್ನೊಂದು ನಡುವೆ ತುಂಡಾಗಿ ಪಕ್ಕಕ್ಕೆ ಸರಿದಿದೆ. ಮತ್ತೆ ಹೋಗಿ ತೆಗೆಯೋಣ ಅಂದರೆ ಮನೆಯೇ ಇಲ್ಲ. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಹೆಡ್ ಮಾರಿದವರು ನನ್ನ 18-55 ಲೆನ್ಸ್ ನೋಡಿ, "ಮೇಲಿನ ರೈಲನ್ನು ಈ ಗೆರೆಗೆ ಇಡಿ, ಅಷ್ಟೇ ಸಾಕು" ಅಂದರು. ಮೇಲಿನ ರೈಲು ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುತ್ತೆ, ಕೆಳಗಿನದು ಅಡ್ಡಕ್ಕೆ. ನಂಬಿದೆ. ಕುಂದಾದ್ರಿ ಹತ್ತಿ ಎದುರಿನ ಗುಡ್ಡಸಾಲಿನ ಫೋಟೊ ತೆಗೆದು, ಬಿಡಿ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಹೊಲಿದು ನೋಡಿದೆ, ಒಂದು ಕೂದಲಷ್ಟೂ ತಪ್ಪಿಲ್ಲ. ಹಾಗಾಗಿ ಹೆಡ್ ಸರಿಯಾಗಿದೆ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ.

ಮುಖದ ಮುಂದೆ ಬೆರಳು ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ. ಬೆರಳು ಹಾರುತ್ತೆ ಅಲ್ವಾ, ಅದೇ ಕತೆ. ಲೆನ್ಸಿನೊಳಗೆ ಒಂದು ಜಾಗವಿದೆ, ಎಂಟ್ರೆನ್ಸ್ ಪ್ಯೂಪಿಲ್ ಅಂತ, ಎಲ್ಲರೂ ನೋಡಲ್ ಪಾಯಿಂಟ್ ಅಂತಲೇ ಕರೆಯುತ್ತಾರೆ, ಕ್ಯಾಮೆರಾ ತಿರುಗುವಾಗ ಅದು ಹೆಡ್ಡಿನ ತಿರುಗುವ ನಡುವಿನ ಮೇಲೇ ನಿಂತಿರಬೇಕು. ಆಮೇಲೆ ಅಳೆದರೆ ನನ್ನದು 3 ಸೆಂ.ಮೀ. ಮುಂದಿತ್ತು. 30 ಡಿಗ್ರಿ ತಿರುಗಿಸಿದಾಗ ಲೆನ್ಸಿನ ಕಣ್ಣು ಒಂದೂವರೆ ಸೆಂ.ಮೀ. ಜರುಗುತ್ತೆ. ಎರಡು ಕಿಲೋಮೀಟರ್ ದೂರದ ಗುಡ್ಡಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮೀಟರ್ ದೂರದ ಕಂಬ ಹಿಂದಿನ ಗೋಡೆಯ ಎದುರು 50-60 ಪಿಕ್ಸೆಲ್ ಸರಿದುಬಿಡುತ್ತೆ. ಹ್ಯೂಗಿನ್ ಅನ್ನೋ ಹೊಲಿಯುವ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಪಾಯಿಂಟುಗಳನ್ನು (ಎರಡು ಚಿತ್ರದಲ್ಲೂ ಇರುವ ಒಂದೇ ಜಾಗದ ಗುರುತು) ಕೈಯಲ್ಲೇ ಹಾಕುತ್ತಾ ಮೂರು ರಾತ್ರಿ ಕೂತೆ. ಒಂದು ಚಿತ್ರದಲ್ಲಿ ಕಂಬದ ಹಿಂದೆ ಮರೆಯಾದ ದಾರಂದ ಪಕ್ಕದ ಚಿತ್ರದಲ್ಲಿ ಪೂರ್ತಿ ಕಾಣುತ್ತಿದ್ದರೆ ಯಾವ ಸಾಫ್ಟ್‌ವೇರ್ ತಾನೇ ಏನು ಮಾಡೀತು?

ಹೆಡ್ಡನ್ನು ಮನೆಯಲ್ಲೇ ಹೊಂದಿಸಿಕೊಳ್ಳಿ, ಅರ್ಧ ಗಂಟೆ ಸಾಕು. ಮೊದಲು ಅಡ್ಡ ಲೆಕ್ಕ: ಕ್ಯಾಮೆರಾವನ್ನು ನೇರ ಕೆಳಕ್ಕೆ ಬಗ್ಗಿಸಿ, ತಿರುಗುವ ತಟ್ಟೆಯ ನಡುಬಿಂದು ಚೌಕಟ್ಟಿನ ಸರಿಯಾಗಿ ಮಧ್ಯಕ್ಕೆ ಬರುವವರೆಗೆ ಕೆಳಗಿನ ರೈಲು ಸರಿಸಿ. ಆಮೇಲೆ ಹಿಂದೆ ಮುಂದೆ. ಕಿಟಕಿಗೆ ಒಂದು ದಾರ ಇಳಿಬಿಟ್ಟು ಅರ್ಧ ಮೀಟರ್ ದೂರದಲ್ಲಿ ಟ್ರೈಪಾಡ್ ಇಡಿ, ಹೊರಗಿನ ಕರೆಂಟ್ ಕಂಬವನ್ನು ದಾರಕ್ಕೆ ಹೊಂದಿಸಿ. ಈ ಜೋಡಿಯನ್ನು ಚೌಕಟ್ಟಿನ ಒಂದು ಅಂಚಿಗೆ ತನ್ನಿ, ಆಮೇಲೆ ಇನ್ನೊಂದು ಅಂಚಿಗೆ. ಕ್ಯಾಮೆರಾ ಬಲಕ್ಕೆ ತಿರುಗಿಸಿದಾಗ ದಾರ ಕಂಬದ ಎಡಕ್ಕೆ ಹೋದರೆ ಕ್ಯಾಮೆರಾ ಮುಂದಿದೆ, ಹಿಂದಕ್ಕೆ ಎಳೆಯಿರಿ. ಬಲಕ್ಕೆ ಹೋದರೆ ಮುಂದಕ್ಕೆ ತಳ್ಳಿ. ಎರಡೂ ಅಂಚಿನಲ್ಲಿ ದಾರ ಕಂಬ ಅಂಟಿಕೊಂಡೇ ಇರಬೇಕು. ಬೇಸರ ಆಗುತ್ತೆ, ಆದರೂ ಬಿಡಬೇಡಿ.

ಜೂಮ್ ಲೆನ್ಸ್ ಇದ್ದವರಿಗೆ ಇನ್ನೊಂದು ಮಾತು. ಜೂಮ್ ಬದಲಾದರೆ ಆ ಜಾಗವೂ ಬದಲಾಗುತ್ತೆ. ನಾನೀಗ 18ರಲ್ಲಿ ಇಟ್ಟು ರಿಂಗಿಗೆ ಟೇಪ್ ಸುತ್ತುತ್ತೇನೆ. ಕ್ಯಾಮೆರಾ ತಳಕ್ಕೆ ಕೂರುವ ಪ್ಲೇಟಿನ ಸ್ಕ್ರೂ ಕೂಡ ನಾಣ್ಯ ಹಾಕಿ ಬಿಗಿ ಮಾಡಿ, ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದಾಗ ಅದು ತನ್ನ ಭಾರಕ್ಕೇ ಮೆಲ್ಲಗೆ ತಿರುಗುತ್ತೆ, ಗೊತ್ತೇ ಆಗುವುದಿಲ್ಲ. ಮಟ್ಟದ ಗುಳ್ಳೆ ನೋಡುವುದಾದರೆ ತಿರುಗುವ ತಟ್ಟೆಯದನ್ನು ನೋಡಿ, ಟ್ರೈಪಾಡ್ ಕಾಲಿನದಲ್ಲ.

ನನ್ನ ರೈಲಿನಲ್ಲಿ ಸರಿಯಾದ ಜಾಗಕ್ಕೆ ಈಗ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಅದು ಎಷ್ಟು ಮಿ.ಮೀ. ಅಂತ ಮಾತ್ರ ಕೇಳಬೇಡಿ. ಅದೇ ಕ್ಯಾಮೆರಾ, ಅದೇ ಲೆನ್ಸ್ ಇದ್ದರೂ ನಿಮ್ಮ ಪ್ಲೇಟ್ ಕೂರುವ ಜಾಗ ಬೇರೆ, ದಾರ ಕಟ್ಟಿಯೇ ನೋಡಿ.