ಮನ್ಯಾಗಿನ ಸ್ಮಾರ್ಟ್ ಸ್ಕೇಲ್: ಆರು ತಿಂಗಳು ಬಳಸಿ ನೋಡಿದ್ದು

ಉಣಕಲ್ ಕೆರಿ ಕಡೆ ದಿನಾ ಮುಂಜಾನೆ ವಾಕಿಂಗ್ ಬರೋ ನಮ್ಮ ಗುಂಪಿನ್ಯಾಗ ಎಲ್ಲಾರೂ ಕೇಳೋದು ಒಂದ, "ಎಷ್ಟ್ ಕಿಲೋ ಇಳದ್ರಿ?" ನಾನೂ ಅದನ್ನ ನೋಡ್ತಿದ್ದೆ. ಗೋಕುಲ್ ರೋಡಿನ ಅಂಗಡ್ಯಾಗ 1,900 ರೂಪಾಯಿ ಕೊಟ್ಟು ಈ ಬ್ಲೂಟೂತ್ ಸ್ಕೇಲ್ ತಂದೆ, ಬರಿಗಾಲಲೆ ಹತ್ತಿ ನಿಂತ್ರ ತೂಕದ ಜೋಡಿ ಫ್ಯಾಟ್, ಮಸಲ್, ನೀರು, ಎಲುಬು ಅಂತ ಒಂದ್ ಹನ್ನೆರಡು ನಂಬರ್ ಫೋನಿಗೆ ಬರ್ತಾವ.

ಮೊದಲ ಎರಡ್ ತಿಂಗಳು ರಾತ್ರಿ ರೊಟ್ಟಿ ಬಿಟ್ಟು ಬರೇ ಸೌತಿಕಾಯಿ, ಗಜ್ಜರಿ ತಿಂದು ನಡದೆ. 81.2 ಇದ್ದದ್ದು 76.4ಕ್ಕ ಬಂತು, ಭಾಳ ಖುಷಿ ಆತು. ಅವ್ವ ಮಾತ್ರ "ಮಾರಿ ಬತ್ತೇತಿ, ರಟ್ಟಿ ಸಣ್ಣ ಆಗ್ಯಾವ, ಏನಾಗೇತಿ ನಿನಗ" ಅಂತಿದ್ಲು. ಆಪ್ ತಗದು ನೋಡಿದ್ರ ಫ್ಯಾಟ್ 29 ಪರ್ಸೆಂಟಿಂದ 27.6ಕ್ಕ ಬಂದಿತ್ತು, ಅಷ್ಟ. ಲೆಕ್ಕ ಹಾಕಿದ್ರ ಇಳದ 4.8 ಕಿಲೋದಾಗ ಕೊಬ್ಬು ಹತ್ರ ಹತ್ರ ಅರ್ಧ, ಉಳದ ಅರ್ಧ ಲೀನ್ ಮಾಸ್. ಲೀನ್ ಮಾಸ್ ಅಂದ್ರ ಪೂರಾ ಸ್ನಾಯು ಅಲ್ರಿ, ನೀರು ಎಲುಬು ಒಳಗಿನ ಅಂಗಾಂಗ ಎಲ್ಲಾ ಸೇರಿ ಬರತೈತಿ, ಊಟ ಕಡಿಮಿ ಮಾಡಿದಾಗ ಮೊದಲ ನೀರು ಹೋಗತೈತಿ ಅನ್ನೋದೂ ಖರೆ, ಆದ್ರ ನಾಲ್ಕ್ ಸ್ಕ್ವಾಟ್ ಹೊಡ್ಯಾಕ ತೊಡಿ ನಡಗ್ತಿದ್ವು, ಅವ್ವ ಹೇಳಿದ್ದು ಸುಳ್ಳಲ್ಲ ಅಂತ ಆವಾಗ ತಿಳೀತು.

ಇನ್ನ ಇದರ ಕೊರತಿ ಕೇಳ್ರಿ. ಒಂದಿನ ಮುಂಜಾನೆ ಫ್ಯಾಟ್ 27.9 ತೋರಿಸ್ತು, ಅದ ದಿನ ರಾತ್ರಿ 25.6. ಒಂದ ದಿನದಾಗ ಒಂದೂಮುಕ್ಕಾಲು ಕಿಲೋ ಕೊಬ್ಬು ಕರಗತೈತೇನು? ಈ ಮಷಿನ್ ಕೊಬ್ಬು ಅಳೆಯಂಗೇ ಇಲ್ಲ. ಒಂದ್ ಕಾಲಿನಿಂದ ಇನ್ನೊಂದ್ ಕಾಲಿಗೆ ಸಣ್ಣ ಕರೆಂಟ್ ಬಿಡತೈತಿ, ನೀರು ಇದ್ದಲ್ಲಿ ಸರಳ ಹಾಯತೈತಿ, ಕೊಬ್ಬಿನ್ಯಾಗ ತಡೀತೈತಿ, ಆ ತಡೆ ಜೋಡಿ ನಿಮ್ಮ ಎತ್ತರ ವಯಸ್ಸು ಹೆಣ್ಣೋ ಗಂಡೋ ಎಲ್ಲಾ ಸೇರಿಸಿ ಫಾರ್ಮುಲಾದಾಗ ಅಂದಾಜು ಮಾಡತೈತಿ. ನೀರು ಕುಡದ್ರ, ಬೆವತ್ರ, ಕಾಲು ಹಸಿ ಇದ್ರ ನಂಬರ್ ಬದಲಾಗತೈತಿ. ಕೈ ಹಿಡಿಕಿ ಇಲ್ಲದ ಸ್ಕೇಲಿನ್ಯಾಗ ಕರೆಂಟ್ ಹೊಟ್ಟಿ, ರಟ್ಟಿ ಕಡೆ ಸರಿಯಾಗಿ ಹೋಗೂದೂ ಇಲ್ಲ, ನಮ್ಮ ಕೊಬ್ಬೆಲ್ಲಾ ಇರೋದು ಹೊಟ್ಟ್ಯಾಗ!

ಅದಕ್ಕ ಈಗ ವಾರಕ್ಕ ಮೂರ್ ಸಲ ಎದ್ದ ಕೂಡ್ಲೆ ಸಂಡಾಸಿಗೆ ಹೋಗಿ ಬಂದು, ನೀರೂ ಚಹಾನೂ ಕುಡಿಯೂದರೊಳಗ ಹತ್ತತೀನಿ, ಕಾಲು ಒಣಗಿರಬೇಕು. ದಿನದ ನಂಬರ್ ಬಿಟ್ಟು ನಾಲ್ಕ್ ವಾರದ ಸರಾಸರಿ ನೋಡ್ತೀನಿ. ಜೋಡಿ 30 ರೂಪಾಯಿದ ಟೇಲರ್ ಟೇಪಿಲೆ ಹೊಕ್ಕಳದ ಮಟ್ಟಕ್ಕ ಸುತ್ತಳತಿ ತಗೋತೀನಿ.

ಊಟ ಬದಲಿ ಮಾಡಿದೆ. ಜ್ವಾಳದ ರೊಟ್ಟಿ ವಾಪಸ್ ಬಂತು, ಮಡಿಕಿಕಾಳಿನ ಪಲ್ಯ, ಮೊಸರು, ದಿನಾ ಮೂರು ತತ್ತಿ, ವಾರಕ್ಕ ಮೂರ್ ದಿನ ಭಾರ ಎತ್ತೂದು. ನಾಲ್ಕ್ ತಿಂಗಳಾತು, ತೂಕ ಇಳದದ್ದು ಬರೇ 800 ಗ್ರಾಂ, 75.6. ಆದ್ರ ಫ್ಯಾಟ್ 24.8, ಸೊಂಟ 96ರಿಂದ 91 ಸೆಂಟಿಮೀಟರ್. ಹಳೇ ಕಾಟಾ ಇದ್ದಿದ್ರ ಏನೂ ಉಪಯೋಗ ಆಗಿಲ್ಲ ಅಂತ ಬಿಟ್ಟಬಿಡ್ತಿದ್ದೆ, ನನ್ನ ಪಾಲಿಗೆ 1,900 ವಸೂಲಾಗಿದ್ದು ಅಲ್ಲೇ.

ಬಾಡಿ ಏಜ್, ಬೋನ್ ಮಾಸ್ ಅಂತ ತೋರಿಸ್ತದಲ್ಲ, ಅವನ್ನ ನೋಡಬ್ಯಾಡ್ರಿ. ಆಪ್ ಪೂರಾ ಇಂಗ್ಲಿಷಿನ್ಯಾಗ ಐತಿ, ಕನ್ನಡ ಕೊಡಬೇಕಿತ್ತು. ಪೇಸ್‌ಮೇಕರ್ ಹಾಕಿಸ್ಕೊಂಡವರು, ಬಸುರಿದ್ದವರು ಈ ಕರೆಂಟಿನ ಸ್ಕೇಲ್ ಹತ್ತಬಾರದು, ಡಬ್ಬಿ ಮ್ಯಾಲೆ ಸಣ್ಣ ಅಕ್ಷರದಾಗ ಬರದಾರ, ಅಂಗಡ್ಯಾಗ ಯಾರೂ ಹೇಳಂಗಿಲ್ಲ. ನಮ್ಮ ಗುಂಪಿನ ಕಾಕಾ ಒಬ್ಬರಿಗೆ ಪೇಸ್‌ಮೇಕರ್ ಐತಿ, ಅವರೂ ಇದನ್ನ ತರಾಕ ಹೊಂಟಿದ್ರು, ಬ್ಯಾಡ್ರಿ ಅಂತ ಹೇಳಿ ಟೇಪ್ ಕೊಡಿಸೀನಿ.